ತಿರುಗುವ ಮರ, ನಿಂತ ಉಳಿ

ಕನ್ನಡದಲ್ಲಿ ‘ಕಡೆ’ ಎಂಬ ಕ್ರಿಯಾಪದಕ್ಕೆ ಎರಡು ಕೆಲಸಗಳುಂಟು. ಮೊಸರನ್ನು ಕಡೆದರೆ ಬೆಣ್ಣೆ ಬರುತ್ತದೆ. ಮರವನ್ನು ಕಡೆದರೆ ತೊಟ್ಟಿಲಿನ ಕಾಲು, ಲಟ್ಟಣಿಗೆ, ಬುಗುರಿ, ಬೊಂಬೆ ಬರುತ್ತವೆ. ಮೇಲುನೋಟಕ್ಕೆ ದೂರವೆಂದು ತೋರುವ ಈ ಎರಡು ಕೆಲಸಗಳು ಒಂದೇ ಮಾತಿನಲ್ಲಿ ಕೂಡಿಕೊಂಡಿರುವುದು ಆಕಸ್ಮಿಕವಲ್ಲವೆಂದು ನನ್ನ ಎಣಿಕೆ. ಹಿಂದಿನ ಕಾಲದ ಅಡುಗೆಮನೆಯಲ್ಲಿ ಕಂಬಕ್ಕೆ ಆನಿಸಿ ನಿಲ್ಲಿಸಿದ ಕಡೆಗೋಲಿಗೆ ಹಗ್ಗವನ್ನು ಸುತ್ತಿ, ಅದರ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆಯುತ್ತಿದ್ದರು. ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತಿತ್ತು. ಆ ಕೋಲನ್ನು ನೆಲಕ್ಕೆ ಸಮನಾಗಿ ಮಲಗಿಸಿ, ಎರಡು ಮೊನೆಗಳ ನಡುವೆ ಹಿಡಿಸಿ, ಹಗ್ಗವನ್ನು ಸಹಾಯಕನೊಬ್ಬನ ಕೈಗೆ ಕೊಟ್ಟರೆ ಅದೇ ಮರ ಕಡೆಯುವ ಪ್ರಾಚೀನ ಯಂತ್ರ. ಇಂದು ನಾವು ಲೇತ್ ಎಂದು ಕರೆಯುವುದು ಇದರ ಸಂತತಿಯನ್ನೇ.

ಹಗ್ಗದ ಯಂತ್ರದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಮರವು ಉಳಿಯ ಕಡೆಗೆ ತಿರುಗಿ ಬರುವಾಗ ಮಾತ್ರ ಕೊರೆತ ಸಾಧ್ಯ; ಹಿಮ್ಮುಖವಾಗಿ ತಿರುಗುವಾಗ ಉಳಿಯನ್ನು ಕೂದಲೆಳೆಯಷ್ಟು ಹಿಂದೆಗೆಯಬೇಕು. ಕಾಲದಲ್ಲಿ ಸರಿಸುಮಾರು ಅರ್ಧ ವ್ಯರ್ಥವೆಂದಾಯಿತು. ಆದರೂ ವಸ್ತುವನ್ನು ಸುತ್ತಿಸಿ ಕಡೆಯುವ ಉಪಾಯ ನಮ್ಮ ನಾಡಿಗೆ ಬಹು ಹಳೆಯದು. 1117ರಲ್ಲಿ ನಿರ್ಮಾಣ ಆರಂಭವಾದ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳೆಬಳೆಯಾಗಿ ಹೊಳೆಯುವ ದುಂಡು ಕಂಬಗಳನ್ನು ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಬಳಪದ ಕಲ್ಲಿನ ಆ ಕಂಬಗಳನ್ನು ತಿರುಗಿಸಿಯೇ ಕಡೆದರೆಂದು ಶಿಲ್ಪತಜ್ಞರು ಹೇಳುತ್ತಾರೆ. ಮರಕ್ಕೆ ಬಂದರೆ, ಬೆಂಗಳೂರಿನಿಂದ ಮೈಸೂರಿನ ದಾರಿಯಲ್ಲಿ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣದ ಹೆಸರು ತಾನಾಗಿ ನಾಲಗೆಗೆ ಬರುತ್ತದೆ. ಟಿಪ್ಪು ಸುಲ್ತಾನನು ಪಾರಸಿಕ ಕುಶಲಿಗಳನ್ನು ಕರೆಸಿ ಈ ಕಸಬನ್ನು ಅಲ್ಲಿ ನೆಲೆಗೊಳಿಸಿದನೆಂಬ ಪ್ರತೀತಿಯುಂಟು. 2005-06ನೆಯ ಸಾಲಿನಲ್ಲಿ ಅಲ್ಲಿನ ಬೊಂಬೆಗಳಿಗೆ ಭೌಗೋಳಿಕ ಸೂಚಕದ ರಕ್ಷಣೆಯೂ ದೊರೆತಿದೆ. ಈಗ ಅಲ್ಲಿ ಬಹುಮಟ್ಟಿಗೆ ವಿದ್ಯುತ್ ಮೋಟಾರು ಹಗ್ಗದ ಸ್ಥಾನವನ್ನು ಆಕ್ರಮಿಸಿದೆ. ಮರ ಒಂದೇ ದಿಕ್ಕಿನಲ್ಲಿ, ಎಡೆಬಿಡದೆ ತಿರುಗುತ್ತದೆ.

ಆ ಊರಿನ ಒಬ್ಬ ಅನುಭವಿ ಕುಶಲಕರ್ಮಿ, ಎಲ್ಲರೂ ಉಸ್ತಾದರೆಂದು ಕರೆಯುವವರು, ಒಮ್ಮೆಗೆ ಐದು ಮಂದಿಗಿಂತ ಹೆಚ್ಚು ಜನರನ್ನು ಸೇರಿಸದೆ ಎರಡು ದಿನಗಳ ತರಗತಿಯೊಂದನ್ನು ನಡೆಸುತ್ತಾರೆ. ಕಳೆದ ಬೇಸಗೆಯಲ್ಲಿ ಆ ಐವರಲ್ಲಿ ನಾನೂ ಒಬ್ಬನಾಗಿದ್ದೆ. ಪರಿಭ್ರಮಣ ಚಲನೆಯ ಸಮೀಕರಣಗಳನ್ನು ವರ್ಷಕ್ಕೊಮ್ಮೆ ಕಪ್ಪು ಹಲಗೆಯ ಮೇಲೆ ಬರೆಯುವ ನನ್ನಂಥವನಿಗೆ, ಆ ಸಮೀಕರಣಗಳು ಅಂಗೈಯನ್ನು ತಟ್ಟುವ ಸ್ಥಳ ಅದು. ಉಸ್ತಾದರು ಮೊದಲು ಹೇಳಿದ ಮಾತು ಇಷ್ಟೆ: ಯೋಚಿಸುವುದನ್ನೆಲ್ಲ ಉಳಿ ಮುಟ್ಟಿಸುವ ಮೊದಲೇ ಯೋಚಿಸಿ, ಮುಟ್ಟಿಸಿದ ಮೇಲೆ ಹೊತ್ತಿರುವುದಿಲ್ಲ. ಈ ಮಾತಿನ ಅರ್ಥವನ್ನು ಲೆಕ್ಕ ಹಾಕಿ ನೋಡೋಣ.

ಮರವು ನಿಮಿಷಕ್ಕೆ 1,500 ಸುತ್ತು ತಿರುಗುತ್ತಿದೆಯೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ 25 ಸುತ್ತಾಯಿತು. ಒಂದು ಸುತ್ತಿಗೆ ಹಿಡಿಯುವ ಕಾಲ ಒಂದು ಸೆಕೆಂಡಿನ 25ನೆಯ ಒಂದು ಭಾಗ. ಇನ್ನು ಮನುಷ್ಯನ ವಿಷಯ. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯೆ ತೋರಿಸಬೇಕಾದರೆ ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ನಾವು ‘ಅಯ್ಯೋ’ ಎಂದುಕೊಂಡು ಕೈಯನ್ನು ಹಿಂದೆಳೆಯುವಷ್ಟರಲ್ಲಿ ಮರ ಐದು ಸುತ್ತು ತಿರುಗಿ ಮುಗಿಸಿರುತ್ತದೆ. ಯಂತ್ರದ ಕಾಲವೇ ಬೇರೆ, ಕೈಯ ಕಾಲವೇ ಬೇರೆ. ಮರ ಕಡೆಯುವ ಕಸಬಿನ ಸುಖಕಷ್ಟಗಳೆಲ್ಲ ಈ ಅಂತರದಿಂದ ಹುಟ್ಟಿದವು.

ಮೊದಲು ಸುಖವನ್ನು ನೋಡೋಣ. ಕೈಯಲ್ಲಿ ಚಾಕು ಹಿಡಿದು ಕೋಲೊಂದನ್ನು ಸರಿಯಾಗಿ ದುಂಡಗೆ ಕೆತ್ತಲು ಯತ್ನಿಸಿದವರಿಗೆ ಅದೆಷ್ಟು ಕಠಿಣವೆಂದು ಗೊತ್ತು. ಲೇತ್ ಯಂತ್ರದಲ್ಲಾದರೋ ಹೊಸಬನ ಕೈಯಲ್ಲಿಯೂ ದುಂಡು ಬರುತ್ತದೆ. ಏಕೆ? ವರ್ತುಲವೆಂದರೆ ಕೇಂದ್ರದಿಂದ ಸಮಾನ ದೂರದಲ್ಲಿರುವ ಬಿಂದುಗಳ ಸಮೂಹ. ಉಳಿಯ ಅಲಗು ಅಕ್ಷದಿಂದ ಒಂದು ದೂರದಲ್ಲಿ ನಿಂತರೆ, ಮರದ ಪ್ರತಿಯೊಂದು ಬದಿಯೂ ಸರದಿಯಂತೆ ಅದರ ಮುಂದೆ ಹಾದು, ಹೆಚ್ಚಾದುದನ್ನು ಕಳೆದುಕೊಂಡು ಹೋಗುತ್ತದೆ. ಕೈ ಅಲುಗುವುದಿಲ್ಲವೇ ಎಂದು ಕೇಳಬಹುದು. ಅಲುಗುತ್ತದೆ, ಆದರೆ ಒಂದು ಸುತ್ತಿನ ಕಿರಿಯ ಅವಧಿಯಲ್ಲಿ ಅದು ಎಷ್ಟು ದೂರ ಅಲುಗೀತು? ನಿಧಾನವಾದ ಕೈ ಬೇಕೆಂದರೂ ದುಂಡನ್ನು ಕೆಡಿಸಲಾರದು. ಕೈಯ ಅಂಕುಡೊಂಕು ಮರದ ಉದ್ದಕ್ಕೂ ಏರುತಗ್ಗಾಗಿ ಕಾಣಿಸಿಕೊಳ್ಳುತ್ತದೆಯೇ ಹೊರತು ಅಡ್ಡಕೊಯ್ತದಲ್ಲಿ ಅಲ್ಲ. ದುಂಡನ್ನು ಯಂತ್ರ ಕೊಡುತ್ತದೆ, ಆಕೃತಿಯನ್ನು ಕೈ ಕೊಡಬೇಕು.

ಮರದ ತುಂಡು ಆರಂಭದಲ್ಲಿ ದುಂಡಗಿರುವುದಿಲ್ಲವಷ್ಟೆ. ಚೌಕವಾದ ತುಂಡನ್ನು ಮೊನೆಗಳ ನಡುವೆ ಹಿಡಿಸಿ ಉಳಿಯೊಡ್ಡಿದಾಗ ನಾಲ್ಕು ಮೂಲೆಗಳು ಮಾತ್ರ ಅಲಗಿಗೆ ಬಡಿಯುತ್ತವೆ. ಸುತ್ತಿಗೆ ನಾಲ್ಕರಂತೆ ಸೆಕೆಂಡಿಗೆ 100 ಬಡಿತ. ಇದೊಂದು ಗುಂಯ್ಗುಡುವ ಸ್ವರವಾಗಿ ಕಿವಿಗೆ ಕೇಳಿಸುತ್ತದೆ. ಮೂಲೆಗಳು ಸವೆದಂತೆ ಸ್ವರ ಸಣ್ಣಗಾಗುತ್ತದೆ. ಕೊನೆಗೆ ಒಂದೇ ಒಂದು ಚಪ್ಪಟೆ ಭಾಗ ಉಳಿದಾಗ ಬಡಿತ ಸೆಕೆಂಡಿಗೆ 25ಕ್ಕೆ ಇಳಿಯುತ್ತದೆ. ಇದು ಶ್ರವಣದ ಕೆಳ ಎಲ್ಲೆಗೆ ಬಹು ಸಮೀಪ. ಕಿವಿಗೆ ಮಂದ, ಆದರೆ ಉಳಿಯ ಹಿಡಿಯನ್ನು ಹಿಡಿದ ಅಂಗೈಗೆ ಸ್ಪಷ್ಟವಾದ ನಡುಕ. ಉಸ್ತಾದರು ನಮ್ಮೊಡನೆ ಮಾತನಾಡುತ್ತ, ಬಾಗಿಲ ಕಡೆ ನೋಡುತ್ತ, ತುಂಡು ದುಂಡಾದ ಕ್ಷಣದಲ್ಲಿ ಉಳಿಯನ್ನು ತೆಗೆದರು. ನೋಡುವವರಿಗೆ ಇದು ಚಮತ್ಕಾರವೆನಿಸಬಹುದು. ಅವರ ಅಂಗೈಯಲ್ಲಿ ಆ ನಡುಕ ನಿಂತಿತ್ತು, ಅಷ್ಟೆ.

ತುಂಡನ್ನು ಹಿಡಿಸುವಾಗಲೇ ಅದರ ಮಧ್ಯವನ್ನು ಎಚ್ಚರಿಕೆಯಿಂದ ಗುರುತಿಸಬೇಕು. ಕರ್ಣಗಳೆರಡನ್ನೂ ಗೀಚಿ, ಅವು ಕೂಡುವಲ್ಲಿ ಮೊನೆಯನ್ನು ಊರುತ್ತಾರೆ. ಹಾಗೆ ಮಾಡದೆ 200 ಗ್ರಾಂ ತೂಕದ ತುಂಡೊಂದರ ಗುರುತ್ವಕೇಂದ್ರವು ಅಕ್ಷದಿಂದ 3 ಮಿಲಿಮೀಟರ್ ಆಚೆ ಸರಿದಿದ್ದರೆ ಏನಾಗುತ್ತದೆ? ಅದನ್ನು ವರ್ತುಲದಲ್ಲಿ ತಿರುಗಿಸಲು ಬೇಕಾದ ಬಲ ಸುಮಾರು 15 ನ್ಯೂಟನ್, ಎಂದರೆ ಒಂದೂವರೆ ಕಿಲೋಗ್ರಾಂ ತೂಕದಷ್ಟು. ತುಂಡು ತನ್ನ ತೂಕದ ಏಳೂವರೆ ಪಟ್ಟು ಬಲದಿಂದ ಯಂತ್ರವನ್ನು ಸೆಕೆಂಡಿಗೆ 25 ಸಲ ಜಗ್ಗುತ್ತದೆ. ವೇಗವನ್ನು ಇಮ್ಮಡಿಗೊಳಿಸಿದರೆ ಈ ಬಲ ನಾಲ್ಮಡಿಯಾಗುತ್ತದೆ, ಏಕೆಂದರೆ ಅದು ಕೋನವೇಗದ ವರ್ಗವನ್ನು ಅನುಸರಿಸುತ್ತದೆ. ತುಂಡು ದುಂಡಾಗುವವರೆಗೆ ನಿಧಾನ ವೇಗ, ಆಮೇಲೆ ಹೆಚ್ಚು ವೇಗ ಎಂಬ ಕಮ್ಮಟದ ನಿಯಮಕ್ಕೆ ಇದೇ ಕಾರಣ.

ಇನ್ನು ಉಳಿಯ ವಿಷಯ. ಉಳಿಯನ್ನು ಗಾಳಿಯಲ್ಲಿ ಹಿಡಿದು ಮರಕ್ಕೆ ಒತ್ತುವುದಿಲ್ಲ; ಮರದ ಮುಂದೆ ಅಡ್ಡವಾಗಿ ಇರಿಸಿದ ಊರೆಯ ಮೇಲೆ ಅದನ್ನು ಆನಿಸುತ್ತಾರೆ. ಇದು ನಾವು ಶಾಲೆಯಲ್ಲಿ ಕಲಿತ ಸನ್ನೆಯೇ ಸರಿ. ಊರೆಯೇ ಆಧಾರಬಿಂದು, ಅಲಗಿನ ಕಡೆ ಮರವು ಕೆಳಕ್ಕೆ ಒತ್ತುತ್ತದೆ, ಹಿಡಿಯ ಕಡೆ ನಮ್ಮ ಕೈ ಅದನ್ನು ತಡೆಯುತ್ತದೆ. ಅಲಗಿನಿಂದ ಕೈಯವರೆಗಿನ ಉದ್ದ 35 ಸೆಂಟಿಮೀಟರ್ ಇರಲಿ, ಮರದ ಒತ್ತು 100 ನ್ಯೂಟನ್ ಇರಲಿ. ಅಲಗು ಊರೆಯಿಂದ 1 ಸೆಂಟಿಮೀಟರ್ ಮಾತ್ರ ಮುಂಚಾಚಿದ್ದರೆ ಕೈ ತಡೆಯಬೇಕಾದ ಬಲ 3 ನ್ಯೂಟನ್. ಎರಡು ಬೆರಳಿನ ಕೆಲಸ. ಊರೆಯನ್ನು ದೂರವಿಟ್ಟು 5 ಸೆಂಟಿಮೀಟರ್ ಮುಂಚಾಚಿದರೆ ಅದು 17 ನ್ಯೂಟನ್ನಿಗೆ ಏರುತ್ತದೆ. ಅದಾದರೂ ನಿಧಾನವಾಗಿ ಬರುವುದಿಲ್ಲ, ಏಟಿನಂತೆ ಬರುತ್ತದೆ. ಮರ ಕಡೆದು ಸಣ್ಣದಾದಂತೆಲ್ಲ ಅಲಗಿಗೂ ಊರೆಗೂ ನಡುವಿನ ಅಂತರ ಬೆಳೆಯುತ್ತ ಹೋಗುವುದರಿಂದ, ಆಗಾಗ ಯಂತ್ರವನ್ನು ನಿಲ್ಲಿಸಿ ಊರೆಯನ್ನು ಮರದ ಬಳಿಗೆ ಸರಿಸಬೇಕು. ನಿಲ್ಲಿಸಿದ ಮೇಲೆಯೇ ಸರಿಸಬೇಕು ಎಂಬುದನ್ನು ಉಸ್ತಾದರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಹಾಗೆ ಮಾಡದಿದ್ದರೆ ಏನಾಗುತ್ತದೆಂಬುದನ್ನು ತೋರಿಸಲು ಅವರು ಬೇಕೆಂದೇ ಒಂದು ರದ್ದಿ ತುಂಡನ್ನು ಹಿಡಿಸಿ, ನಮ್ಮನ್ನು ದೂರ ನಿಲ್ಲಿಸಿ, ಉಳಿಯ ಬರಿಯ ಮೂಲೆಯನ್ನು ಮರಕ್ಕೆ ಕೊಟ್ಟರು. ಟಪ್ಪೆಂಬ ಒಂದೇ ಸದ್ದು. ನೋಡಿದರೆ ಮರದ ಮೇಲೆ ತಿರುಪಿನ ಆಕಾರದಲ್ಲಿ ಆಳವಾದ ಸೀಳು. ಸೀಳು ಒಂದು ಸುತ್ತಿಗಿಂತ ಹೆಚ್ಚಾಗಿತ್ತೆಂಬುದೇ ಅದು ಕೈಯ ಕಾಲದಲ್ಲಿ ಆದ ಘಟನೆಯಲ್ಲವೆಂಬುದಕ್ಕೆ ಸಾಕ್ಷಿ. ಇದನ್ನು ತಪ್ಪಿಸುವ ಉಪಾಯ ಚಿಕ್ಕದು, ಸೊಗಸಾದುದು. ಉಳಿಯ ಅಲಗಿನ ಹಿಂದೆ ಮಸೆದ ಓರೆ ಮೈಯೊಂದಿರುತ್ತದೆ. ಮೊದಲು ಆ ಓರೆಯ ಹಿಂಬದಿಯನ್ನು ಮರಕ್ಕೆ ತಾಗಿಸಬೇಕು; ಆಗ ಉಳಿ ಸುಮ್ಮನೆ ಉಜ್ಜುತ್ತದೆ, ಕೊರೆಯುವುದಿಲ್ಲ. ಬಳಿಕ ಹಿಡಿಯನ್ನು ಮೆಲ್ಲಮೆಲ್ಲನೆ ಎತ್ತುತ್ತ ಬಂದರೆ ಒಂದು ಹಂತದಲ್ಲಿ ಅಲಗು ಮರವನ್ನು ಮುಟ್ಟಿ, ತೆಳುವಾದ ಸುರುಳಿ ಹೊರಡುತ್ತದೆ. ಓರೆ ಮೈ ಮರದ ಮೇಲೆ ಆನಿಕೊಂಡೇ ಇರುವುದರಿಂದ ಅಲಗು ಬೇಕಾದುದಕ್ಕಿಂತ ಆಳಕ್ಕೆ ಧುಮುಕಲಾರದು. ಕೈ ಸಾಕಷ್ಟು ಬೇಗ ತಡೆಯಲಾರದೆಂದು ಗೊತ್ತಿರುವ ಕುಶಲಿ, ತಡೆಯುವ ಹೊಣೆಯನ್ನು ಮರದ ಮೇಲ್ಮೈಗೇ ವಹಿಸಿದ್ದಾನೆ.

ಉಳಿ ಯಾವ ಕಡೆಗೆ ಸಾಗಬೇಕೆಂಬುದಕ್ಕೂ ನಿಯಮವುಂಟು: ದಪ್ಪದಿಂದ ಸಣ್ಣದರ ಕಡೆಗೆ. ಪೆನ್ಸಿಲನ್ನು ಚಾಕುವಿನಿಂದ ಹೆರೆದ ಪ್ರತಿಯೊಬ್ಬ ವಿದ್ಯಾರ್ಥಿಗೂ ಇದು ಗೊತ್ತು. ಚಾಕು ಮೊನೆಯ ಕಡೆಗೆ ಸಾಗಿದರೆ ಹೆರೆ ನಯವಾಗಿ ಬರುತ್ತದೆ. ಮೊನೆಯಿಂದ ದಪ್ಪದ ಕಡೆಗೆ ನೂಕಿದರೆ ಚಾಕು ಎಳೆಗಳ ನಡುವೆ ಹೊಕ್ಕು ಚಕ್ಕೆಯನ್ನೇ ಸಿಗಿಯುತ್ತದೆ. ಮರವು ಉದ್ದನೆಯ ನಾರುಗಳ ಕಟ್ಟು. ದಪ್ಪದಿಂದ ಇಳಿಯುವಾಗ, ಕತ್ತರಿಸಲ್ಪಡುವ ಪ್ರತಿಯೊಂದು ನಾರಿಗೂ ಅದರ ಕೆಳಗಿನ ನಾರು ಬೆಂಬಲವಾಗಿ ನಿಂತಿರುತ್ತದೆ. ಏರುವಾಗ ಆ ಬೆಂಬಲವಿಲ್ಲ.

ಕೈಗವಸು, ಸಡಿಲವಾದ ತೋಳು, ಶಲ್ಯ, ದುಪಟ್ಟ, ಬಿಚ್ಚಿದ ಕೂದಲು ಇವುಗಳಿಗೆ ಆ ಕಮ್ಮಟದಲ್ಲಿ ಪ್ರವೇಶವಿಲ್ಲ. 5 ಸೆಂಟಿಮೀಟರ್ ವ್ಯಾಸದ ಮರದ ಮೇಲ್ಮೈ, ಮೇಲೆ ಹೇಳಿದ ವೇಗದಲ್ಲಿ, ಸೆಕೆಂಡಿಗೆ ಸುಮಾರು 4 ಮೀಟರ್ ಓಡುತ್ತಿರುತ್ತದೆ. ಬಟ್ಟೆಯ ಅಂಚು ಸಿಕ್ಕಿಕೊಂಡರೆ, ಕೈ ಹಿಂದೆಳೆಯಬೇಕೆಂದು ಮೆದುಳು ಆಜ್ಞೆ ಮಾಡುವ ಆ ಐದನೆಯ ಒಂದು ಸೆಕೆಂಡಿನಲ್ಲಿ 80 ಸೆಂಟಿಮೀಟರ್ ಬಟ್ಟೆ ಸುತ್ತಿಕೊಂಡಿರುತ್ತದೆ. ಒಬ್ಬ ವಯಸ್ಕನ ತೋಳಿನ ಉದ್ದ ಅಷ್ಟಿರುವುದಿಲ್ಲ. ಕೈಗವಸು ರಕ್ಷಣೆಗೆಂದು ನಂಬಿದವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ನಿಧಾನವಾಗಿ ಬರುವ ಅಪಾಯವೂ ಒಂದಿದೆ. ಮರದ ಧೂಳನ್ನು 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಉಳಿಯಿಂದ ಹಾರುವ ಸುರುಳಿಗಳು ನೆಲಕ್ಕೆ ಬೀಳುತ್ತವೆ. ಉಜ್ಜುಕಾಗದದಿಂದ ಏಳುವ ನವಿರು ಧೂಳು ಗಾಳಿಯಲ್ಲಿ ತೇಲಿ ಶ್ವಾಸಕೋಶವನ್ನು ಸೇರುತ್ತದೆ. ನಮಗೆಲ್ಲ ಮುಖವಾಡ ಕಟ್ಟಿಸಿದ ಉಸ್ತಾದರು ತಮ್ಮ ಯೌವನದಲ್ಲಿ ಅದನ್ನು ಕಂಡವರಲ್ಲ; ಮಾತಿನ ನಡುನಡುವೆ ಅವರು ಕೆಮ್ಮುವುದನ್ನು ಕೇಳುತ್ತ ಕುಳಿತವರಿಗೆ ಮುಖವಾಡದ ಸೆಕೆ ದೊಡ್ಡದೆನಿಸಲಿಲ್ಲ.

ಚನ್ನಪಟ್ಟಣದಲ್ಲಿ ಬಹುಕಾಲದಿಂದ ಬಳಸುವುದು ಹಾಲೆಯ ಮರ. ಅಲ್ಲಿನವರ ಮಾತಿನಲ್ಲಿ ಆಲೆ ಮರ. ಬಿಳುಪು, ಒತ್ತಾದ ನವಿರು ಎಳೆ, ಮೃದುತ್ವ ಇವು ಅದರ ಗುಣಗಳು. ಕಡಿದ ಮರವನ್ನು ಕೆಲವು ತಿಂಗಳು ಒಣಗಿಸಿದ ಹೊರತು ಬಳಸುವುದಿಲ್ಲ. ಮರದ ಜೀವಕೋಶಗಳ ಪೊಳ್ಳಿನಲ್ಲಿರುವ ನೀರು ಹೋದರೆ ಮರದ ಗಾತ್ರ ಕುಗ್ಗುವುದಿಲ್ಲ. ತೇವ ಸುಮಾರು ಶೇಕಡ 30ಕ್ಕಿಂತ ಕೆಳಗಿಳಿದು, ಕೋಶಭಿತ್ತಿಗಳೊಳಗಿನ ನೀರು ಹೊರಡತೊಡಗಿದಾಗ ಮಾತ್ರ ಕುಗ್ಗುವಿಕೆ ಆರಂಭ. ಅದಾದರೂ ಎಲ್ಲ ದಿಕ್ಕಿನಲ್ಲಿ ಸಮನಲ್ಲ. ವಾರ್ಷಿಕ ಉಂಗುರಗಳ ಗುಂಟ ಆಗುವ ಕುಗ್ಗು, ಕೇಂದ್ರದಿಂದ ಹೊರಮುಖವಾಗಿ ಆಗುವ ಕುಗ್ಗಿನ ಸುಮಾರು ಎರಡರಷ್ಟು. ಹಸಿ ಮರದಲ್ಲಿ ಕಡೆದ 50 ಮಿಲಿಮೀಟರಿನ ದುಂಡು, ಒಂದು ಕಡೆ ಶೇಕಡ 3, ಇನ್ನೊಂದು ಕಡೆ ಶೇಕಡ 6 ಕುಗ್ಗಿತೆಂದರೆ ಒಂದು ಅಡ್ಡಳತೆ 48.5, ಇನ್ನೊಂದು 47 ಮಿಲಿಮೀಟರ್ ಆಗುತ್ತದೆ. ಕೋಲಿಗೆ ಉಂಗುರಗಳನ್ನು ಪೋಣಿಸುವ ಮಕ್ಕಳ ಆಟಿಕೆಯೊಂದು ಅಂಗಡಿಯಲ್ಲಿ ಸರಿಯಾಗಿದ್ದು ಮನೆಯಲ್ಲಿ ಸಿಕ್ಕಿಬಿದ್ದರೆ, ದೋಷ ಕೈಯದಲ್ಲ, ಅವಸರದ್ದು.

ಈ ಕಸಬಿನಲ್ಲಿ ನನಗೆ ಎಲ್ಲಕ್ಕಿಂತ ಅಚ್ಚರಿಯನ್ನುಂಟುಮಾಡಿದುದು ಬಣ್ಣ ಹಾಕುವ ಕ್ರಮ. ಕುಂಚವಿಲ್ಲ, ದ್ರವವಿಲ್ಲ, ಒಲೆಯೂ ಇಲ್ಲ. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಯ ರೆಂಬೆಗಳ ಮೇಲೆ ಬಾಳುವ ಚಿಕ್ಕ ಕೀಟವೊಂದು ತನ್ನ ಮೈಯಿಂದ ಸ್ರವಿಸುವ ರಾಳವೇ ಅರಗು. ಅದನ್ನು ಮೊದಲೇ ಕಾಯಿಸಿ, ಬಣ್ಣವನ್ನು ಸೇರಿಸಿ ನಾದಿ, ಕಡ್ಡಿಯಾಗಿ ಮಾಡಿಟ್ಟಿರುತ್ತಾರೆ. ತಿರುಗುತ್ತಿರುವ ಮರಕ್ಕೆ ಆ ಗಟ್ಟಿ ಕಡ್ಡಿಯನ್ನು ಒತ್ತಿದರೆ ಸಾಕು. ಕ್ಷಣದಲ್ಲಿ ಅದು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಘರ್ಷಣೆಯಿಂದ ಶಾಖ ಹುಟ್ಟುತ್ತದೆಂಬುದನ್ನು ಅಂಗೈ ಉಜ್ಜಿಕೊಂಡು ಬಲ್ಲೆವು. ಆದರೆ ಎಷ್ಟು ಶಾಖ? ಘರ್ಷಣೆಯ ಬಲ 10 ನ್ಯೂಟನ್, ಮೇಲ್ಮೈಯ ವೇಗ ಸೆಕೆಂಡಿಗೆ 4 ಮೀಟರ್ ಎಂದಾದರೆ ಗುಣಲಬ್ಧ 40 ವಾಟ್. ಹಳೆಯ ಮಾದರಿಯ ತಂತಿಯ ದೀಪದಷ್ಟು ಶಕ್ತಿ ಒಂದು ಬೆರಳಗಲದ ಪಟ್ಟಿಯಲ್ಲಿ ಹುಟ್ಟುತ್ತದೆ.

ಹುಟ್ಟಿದರೆ ಸಾಲದು, ಅಲ್ಲಿಯೇ ಉಳಿಯಬೇಕು. ಇದೇ ಯಂತ್ರದಲ್ಲಿ ಕಬ್ಬಿಣದ ಸಲಾಕೆಯನ್ನು ತಿರುಗಿಸಿ ಅರಗನ್ನು ಒತ್ತಿದರೆ ಶಾಖವೆಲ್ಲ ಲೋಹದೊಳಕ್ಕೆ ಹರಿದುಹೋಗುತ್ತದೆ, ಏಕೆಂದರೆ ಕಬ್ಬಿಣದ ಉಷ್ಣವಾಹಕತೆ ಮರದ್ದಕ್ಕಿಂತ ನೂರಾರು ಪಟ್ಟು ಹೆಚ್ಚು. ಮರವೂ ಅರಗೂ ಎರಡೂ ಮಂದವಾಹಕಗಳು. ಅವುಗಳ ನಡುವೆ ಹುಟ್ಟಿದ ಶಾಖಕ್ಕೆ ಹೋಗಲು ದಾರಿಯಿಲ್ಲದೆ ಉಷ್ಣತೆ ಒಮ್ಮೆಲೇ ಏರುತ್ತದೆ. ಅರಗು 65ರಿಂದ 70 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಮೆತ್ತಗಾಗಿ, 75ರಿಂದ 80ರ ಸುಮಾರಿಗೆ ಕರಗುತ್ತದೆ. ಕರಗಿದೊಡನೆ ಅದು ತಾನೇ ಜಾರುಕವಾಗುವುದರಿಂದ ಘರ್ಷಣೆಯೂ ಇಳಿಯುತ್ತದೆ. ಶಾಖ ತನ್ನಷ್ಟಕ್ಕೆ ಒಂದು ಹದಕ್ಕೆ ಬರುತ್ತದೆ. ಹಾಗೆಂದು ಮೈಮರೆತು ಒತ್ತುತ್ತಲೇ ಇರುವಂತಿಲ್ಲ. ಬಹಳ ಹೊತ್ತು ಕಾದ ಅರಗಿನ ಅಣುಗಳು ಒಂದಕ್ಕೊಂದು ಹೆಣೆದುಕೊಂಡು, ಮತ್ತೆ ಕರಗದ ಕಪ್ಪು ವಸ್ತುವಾಗುತ್ತವೆ.

ಬೊಂಬೆಯ ಕುತ್ತಿಗೆಯಂಥ ಸಣ್ಣ ಭಾಗದಲ್ಲಿ ಬಣ್ಣ ಹಿಡಿಯುವುದು ಏಕೆ ಕಷ್ಟವೆಂಬುದನ್ನೂ ಈ ಲೆಕ್ಕವೇ ಹೇಳುತ್ತದೆ. ವ್ಯಾಸ 5 ಸೆಂಟಿಮೀಟರಿನಿಂದ 5 ಮಿಲಿಮೀಟರಿಗೆ ಇಳಿದರೆ ಮೇಲ್ಮೈಯ ವೇಗ ಹತ್ತನೆಯ ಒಂದು ಭಾಗವಾಗುತ್ತದೆ. 40 ವಾಟ್ ಇದ್ದುದು 4 ವಾಟ್ ಆಗುತ್ತದೆ. ಒತ್ತಡವನ್ನು ಹೆಚ್ಚಿಸೋಣವೆಂದರೆ ಕುತ್ತಿಗೆ ಮುರಿಯುತ್ತದೆ. ಉಸ್ತಾದರು ಅಲ್ಲಿ ವೇಗವನ್ನು ಏರಿಸಿ, ಕಡ್ಡಿಯ ತುದಿಯನ್ನು ಚೂಪಾಗಿಸಿ, ಮುಟ್ಟಿಸಿ ಬಿಡುತ್ತ, ಮುಟ್ಟಿಸಿ ಬಿಡುತ್ತ ಬಣ್ಣವನ್ನು ತುಂಬಿದರು. ಲೆಕ್ಕ ಮಾಡಿ ಹೊರಟವನೂ ಬಂದು ನಿಲ್ಲುವುದು ಅಲ್ಲಿಗೇ.

ಹೀಗೆ ಹಚ್ಚಿದ ಅರಗು ಒರಟೊರಟಾಗಿರುತ್ತದೆ. ಅದಕ್ಕೆ ಹೊಳಪನ್ನು ತರುವುದು ತಾಳೆಗರಿ. ನಮ್ಮಲ್ಲಿ ತಾಳೆ ಹೂವೆಂದರೆ ಕೇದಗೆಯಷ್ಟೆ. ಆ ಜಾತಿಯ ಗಿಡದ ಒಣಗಿದ ಗರಿಯನ್ನು ಮಡಿಸಿ, ತಿರುಗುವ ಮರಕ್ಕೆ ಒತ್ತಿ, ಉದ್ದಕ್ಕೂ ಸರಿಸುತ್ತ ಹೋಗುತ್ತಾರೆ. ಗರಿಯ ಘರ್ಷಣೆಯಿಂದ ಅರಗಿನ ಮೇಲ್ಪದರ ಮಾತ್ರ ಮತ್ತೆ ಕರಗಿ, ಉಬ್ಬಿದುದು ತಗ್ಗಿಗೆ ಹರಿದು, ಮಟ್ಟವಾಗಿ ಗಟ್ಟಿಯಾಗುತ್ತದೆ. ಮೇಲ್ಮೈಯ ಏರುತಗ್ಗುಗಳು ಬೆಳಕಿನ ತರಂಗಾಂತರಕ್ಕಿಂತ, ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗದ ಅರ್ಧಕ್ಕಿಂತ, ಸಾಕಷ್ಟು ಕಿರಿದಾದಾಗ ಬೆಳಕು ಚದರದೆ ಕನ್ನಡಿಯಲ್ಲಿ ಹೇಗೋ ಹಾಗೆ ಪ್ರತಿಫಲಿಸುತ್ತದೆ. ಅದೇ ನಾವು ಕಾಣುವ ಹೊಳಪು.

ತರಗತಿಯ ಎರಡನೆಯ ದಿನ ಎಲ್ಲರೂ ಒಂದೊಂದು ಬುಗುರಿಯನ್ನು ಕಡೆದೆವು. ಬುಗುರಿಯ ಮೊಳೆಯನ್ನು ಎಲ್ಲಿ ಹೊಡೆಯಬೇಕೆಂದು ಅಳೆಯಬೇಕಾಗಿಲ್ಲ; ಯಂತ್ರದ ಮೊನೆ ಊರಿದ ಗುಳಿ ಮರದ ತುದಿಯಲ್ಲಿ ಉಳಿದೇ ಇರುತ್ತದೆ, ಅಕ್ಷ ಹಾಯುವುದು ಅಲ್ಲಿಯೇ. ಆದರೂ ಐದರಲ್ಲಿ ಒಂದು ಬುಗುರಿ ನಿದ್ರಿಸದೆ ಕೊಂಚ ತೂಗಾಡಿತು. ಅದರ ಆಕಾರ ನಿರ್ದುಷ್ಟವಾಗಿತ್ತು. ಮರದೊಳಗೆ ಒಂದು ಪಕ್ಕದಲ್ಲಿ ಸಣ್ಣದೊಂದು ಗಂಟಿತ್ತು. ಗಂಟು ಸುತ್ತಲಿನ ಮರಕ್ಕಿಂತ ಸಾಂದ್ರ. ಲೇತ್ ಯಂತ್ರ ಆಕಾರವನ್ನು ದುಂಡಾಗಿಸಬಲ್ಲುದೇ ಹೊರತು ತೂಕವನ್ನು ಸಮನಾಗಿ ಹಂಚಲಾರದು. 60 ಗ್ರಾಂ ತೂಕದ ಬುಗುರಿಯ ಗುರುತ್ವಕೇಂದ್ರ ಅಕ್ಷದಿಂದ ಅರ್ಧ ಮಿಲಿಮೀಟರ್ ಸರಿದು, ಅದು ಸೆಕೆಂಡಿಗೆ 20 ಸುತ್ತು ತಿರುಗಿದರೆ, ಅಕ್ಕಪಕ್ಕಕ್ಕೆ ಜಗ್ಗುವ ಬಲ ಅದರ ತೂಕದ ಸುಮಾರು ಐದನೆಯ ನಾಲ್ಕು ಭಾಗದಷ್ಟಾಗುತ್ತದೆ. ನಿಮ್ಮಲ್ಲಿರುವ ಮರದ ಬುಗುರಿಗೆ ಈ ದೋಷವುಂಟೇ ಎಂದು ತಿಳಿಯಲು ಅದನ್ನು ಒಂದು ಬಕೆಟ್ಟು ನೀರಿನಲ್ಲಿ ತೇಲಬಿಡಿ. ಅಲುಗಾಟ ನಿಂತ ಮೇಲೆ ಮೇಲಕ್ಕೆ ಬಂದ ಬದಿಗೆ ಸೀಮೆಸುಣ್ಣದಿಂದ ಗುರುತು ಮಾಡಿ, ಬೆರಳಿನಿಂದ ಹೊರಳಿಸಿ ಮತ್ತೆ ಬಿಡಿ. ನಾಲ್ಕಾರು ಸಲವೂ ಆ ಗುರುತೇ ಮೇಲಕ್ಕೆ ಬಂದರೆ ಅದರ ಎದುರಿನ ಬದಿ ಭಾರವಾಗಿದೆಯೆಂದು ತಿಳಿಯಬೇಕು.